ವಾಘೋಬನ ಕಲ್ಲು ಜಮೀನಿನ ಹಕ್ಕಿಗೆ ಸಾಕ್ಷಿ ಆಗುತ್ತದಾ?

ಆಗುತ್ತದೆ, ಆದರೆ ಅದೊಂದೇ ಸಾಲದು. ವಾಘೋಬ ಅಂದರೆ ಮುಂಬೈ ಕಡೆಯ ವಾರ್ಲಿ ಆದಿವಾಸಿಗಳ ಹುಲಿ ದೇವರು. ಕಾಡನ್ನು ನಂಬಿ ಬದುಕುವವರಿಗೆ ಜಮೀನಿನ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲೇ ಹಳೆ ಬಾವಿ, ಸ್ಮಶಾನ, ದೇವರ ಜಾಗ ಇವೆಲ್ಲ ಸಾಕ್ಷಿ ಅಂತ ಬರೆದಿದೆ. ಒಂದಕ್ಕಿಂತ ಜಾಸ್ತಿ ಸಾಕ್ಷಿ ಬೇಕು, ಹಾಗಾಗಿ ಕಲ್ಲಿನ ಜೊತೆ ಊರಿನ ಹಿರಿಯರ ಹೇಳಿಕೆ ಬರೆಸಿ ಕೊಡಬಹುದು.

ಯಾಕೆ ಹೀಗೆ ಅಂದರೆ, ಎಷ್ಟೋ ವಾರ್ಲಿ ಅಜ್ಜಂದಿರ ಹತ್ತಿರ ಸಾತ್‌ಬಾರಾ, ಅಂದರೆ ನಮ್ಮ ಪಹಣಿ, ಇರಲೇ ಇಲ್ಲ. ಇದ್ದದ್ದು ಕಲ್ಲು. ಗೋರೆಗಾಂವ್‌ನಲ್ಲಿರುವ ನಾವು ಮುಂಬೈನ ಆರೆ ಕಾಡಿನ ಕಡೆ ಹೋದರೆ ಹುಲಿ ಕೆತ್ತಿ ಸಿಂಧೂರ ಬಳಿದ ವಾಘೋಬ ಸಿಗುತ್ತಾನೆ, ದಕ್ಷಿಣ ಕನ್ನಡದವರಿಗೆ ಊರಿನ ಹುಲಿ ದೈವ ಪಿಲಿಚಾಮುಂಡಿ ನೆನಪಾಗುತ್ತದೆ ಅಲ್ವಾ. ಇಂಥ ದೇವರನ್ನು ಯಾರೂ ಸುಮ್ನೆ ಎತ್ತಿಕೊಂಡು ಹೋಗಿ ಬೇರೆ ಕಡೆ ಇಡುವುದಿಲ್ಲ. ಕಲ್ಲು ಅಲ್ಲಿದೆ ಅಂದರೆ ಜನ ಅಲ್ಲಿದ್ದರು ಅಂತ. ಕಾನೂನಿಗೆ ಬೇಕಾದದ್ದೂ ಅದೇ: ಆದಿವಾಸಿ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಕಾಡಿನ ಜಮೀನನ್ನು ನಂಬಿ ಬದುಕಿತ್ತಾ ಅನ್ನುವುದು.

ಹಕ್ಕು ಸಿಗುವ ಜಮೀನಿಗೂ ಮಿತಿ ಇದೆ. ಸಾಗುವಳಿ ಎಷ್ಟಿತ್ತೋ ಅಷ್ಟೇ, ಹೆಚ್ಚೆಂದರೆ 4 ಹೆಕ್ಟೇರ್, ಅದೂ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಮಾರುವ ಹಾಗಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಆ ಎರಡನೇ ಹೆಸರು.

ನಂಬಿಕೆ ಕೋರ್ಟಿನಲ್ಲಿ ನಿಂತ ದೊಡ್ಡ ಉದಾಹರಣೆ ಒಡಿಶಾದ ನಿಯಮಗಿರಿ. 2013ರಲ್ಲಿ ಸುಪ್ರೀಂ ಕೋರ್ಟ್ ಈ ಬೆಟ್ಟದಲ್ಲಿ ಗಣಿ ಮಾಡಿದರೆ ಅಲ್ಲಿನ ಆದಿವಾಸಿಗಳ ದೇವರ ಪೂಜೆಗೆ ಧಕ್ಕೆಯಾಗುತ್ತದಾ ಅನ್ನುವ ಪ್ರಶ್ನೆಯನ್ನು ಗ್ರಾಮಸಭೆಗಳಿಗೇ ಬಿಟ್ಟಿತು. 12 ಸಭೆಗಳೂ ಗಣಿ ಬೇಡ ಅಂದವು.