ಪಕ್ಕದ ಸ್ಟುಡಿಯೋ ರೇಟು ನಿಮ್ಮ ರೇಟಲ್ಲ

ಹಾಸನದ ಓದುಗರೊಬ್ಬರ ಪತ್ರದ ಸಾರ: "ನಾಲ್ಕು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಅಂಗಡಿ ಇಲ್ಲ, ಮನೆಯಿಂದಲೇ ಕೆಲಸ. ರಿಸೆಪ್ಶನ್, ಮುಹೂರ್ತ, ಕರಿಜ್ಮಾ ಆಲ್ಬಂ (ಪುಟದಲ್ಲೇ ಫೋಟೋ ಮುದ್ರಿಸಿದ ಆಲ್ಬಂ) ಎಲ್ಲ ಸೇರಿ 25 ಸಾವಿರ ಹೇಳಿದರೆ, 'ಬಸ್ ಸ್ಟ್ಯಾಂಡ್ ಹತ್ರದ ಸ್ಟುಡಿಯೋದವರು 15ಕ್ಕೆ ಮಾಡ್ತಾರೆ' ಅಂತ ಎದ್ದು ಹೋಗುತ್ತಾರೆ. ನೆಂಟರು ಅರ್ಧ ರೇಟಿಗೆ ಕೇಳುತ್ತಾರೆ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಹೋಂಸ್ಟೇ ಒಂದಕ್ಕೆ ದಿನಕ್ಕೆ 8 ಸಾವಿರದಂತೆ ಒಂದು ದಿನ ಫೋಟೋ ತೆಗೆದುಕೊಟ್ಟೆ. ವೆಬ್‌ಸೈಟಿಗೆ ಅಂದಿದ್ದರು. ಈಗ ಅದೇ ಚಿತ್ರ ಹೆದ್ದಾರಿ ಪಕ್ಕ ಹೋರ್ಡಿಂಗ್ ಆಗಿ ನಿಂತಿದೆ. 3 ಸಾವಿರ ಬಾಕಿಯೂ ಬಂದಿಲ್ಲ. ನಾನು ಎಷ್ಟು ಕೇಳಬೇಕಿತ್ತು?"

ಪತ್ರದ ಕೊನೆಗೆ ನಿಮ್ಮ ಖರ್ಚಿನ ಪಟ್ಟಿ ಹಾಕಿದ್ದೀರಿ, ಒಳ್ಳೆಯದಾಯಿತು. ಉತ್ತರ ಅದರೊಳಗೇ ಇದೆ. ಎರಡು ಕ್ಯಾಮೆರಾ ಬಾಡಿ, ಲೆನ್ಸ್, ಫ್ಲ್ಯಾಶ್ ಸೇರಿ 3 ಲಕ್ಷದ ಸಾಮಾನು. ಐದು ವರ್ಷ ಬಾಳುತ್ತದೆ ಅಂದುಕೊಂಡರೆ ವರ್ಷಕ್ಕೆ 60 ಸಾವಿರ. ಹಾರ್ಡ್ ಡಿಸ್ಕ್, ಲ್ಯಾಪ್‌ಟಾಪ್, ರಿಪೇರಿ, ಪೆಟ್ರೋಲ್, ಸಾಫ್ಟ್‌ವೇರ್‌ಗೆ ತಿಂಗಳಿಗೆ 10 ಸಾವಿರ, ಅಂದರೆ ವರ್ಷಕ್ಕೆ 1,20,000. ಮನೆಗೆ ತಿಂಗಳಿಗೆ 30 ಸಾವಿರ ಬೇಕು ಅಂದಿದ್ದೀರಿ, ಅದು 3,60,000. ಒಟ್ಟು 5,40,000.

ಇನ್ನು ದಿನಗಳ ಲೆಕ್ಕ. ಇಲ್ಲೇ ಬಹಳ ಜನ ಎಡವುತ್ತಾರೆ. ವರ್ಷಕ್ಕೆ 365 ದಿನ ಇದ್ದರೂ ನೀವು ಕ್ಯಾಮೆರಾ ಹಿಡಿದು ದುಡಿಯುವುದು ಸುಮಾರು 60 ದಿನ ಮಾತ್ರ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮುಹೂರ್ತ ಇರುವ ಭಾನುವಾರ ನಾಲ್ಕು ಕಡೆಯಿಂದ ಕರೆ ಬಂದರೂ ಹೋಗಲು ಆಗುವುದು ಒಂದೇ ಕಡೆಗೆ. ಎರಡು ದಿನ ಮದುವೆ ತೆಗೆದರೆ ಫೋಟೋ ಆರಿಸುವುದು, ಕಲರ್ ಕರೆಕ್ಷನ್, ಆಲ್ಬಂ ಡಿಸೈನ್ ಅಂತ ಮತ್ತೆ ಮೂರು ನಾಲ್ಕು ದಿನ ಕಂಪ್ಯೂಟರ್ ಮುಂದೆ ಕೂರಬೇಕು. ಆ ದಿನಗಳಿಗೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ. ಹಾಗಾಗಿ 5,40,000ವನ್ನು ಆ 60 ದಿನಗಳೇ ಹೊರಬೇಕು. ದಿನಕ್ಕೆ 9 ಸಾವಿರ.

ಈ 9 ಸಾವಿರದಲ್ಲಿ ಉಳಿತಾಯ ಒಂದು ರೂಪಾಯಿಯೂ ಇಲ್ಲ. ಜ್ವರ ಬಂದು ಒಂದು ಮದುವೆ ತಪ್ಪಿದರೆ ಅದಕ್ಕೂ ದಾರಿ ಇಲ್ಲ. ಐದು ವರ್ಷ ಬಾಳಿಕೆ ಅನ್ನುವುದು ಕೂಡ ಉದಾರವಾದ ಲೆಕ್ಕ. ಒಳ್ಳೆಯ ಕ್ಯಾಮೆರಾಗಳ ಶಟರ್ ಒಂದೂವರೆ ಲಕ್ಷ, ಎರಡು ಲಕ್ಷ ಕ್ಲಿಕ್ ತಡೆಯುತ್ತದೆ ಅಂತ ಕಂಪನಿಗಳು ಹೇಳುತ್ತವೆ. ಒಂದು ಮದುವೆಗೆ 4 ಸಾವಿರ ಕ್ಲಿಕ್ ಆದರೆ 50 ಮದುವೆಗೆ 2 ಲಕ್ಷ ಮುಗಿಯಿತು.

ಈಗ ನಿಮ್ಮ 25 ಸಾವಿರವನ್ನು ಬಿಡಿಸಿ ನೋಡಿ. ಆಲ್ಬಮ್ಮಿಗೆ 8 ಸಾವಿರ, ಜೊತೆಗೆ ಬರುವ ಹುಡುಗನಿಗೆ 4 ಸಾವಿರ ಅಂತ ನೀವೇ ಬರೆದಿದ್ದೀರಿ. ಉಳಿದದ್ದು 13 ಸಾವಿರ. ಎರಡು ದಿನಕ್ಕೆ ಹಂಚಿದರೆ ದಿನಕ್ಕೆ ಆರೂವರೆ ಸಾವಿರ. ಜನ ದುಬಾರಿ ಅಂತ ಎದ್ದುಹೋದ ರೇಟಿನಲ್ಲಿ ನಿಮಗೆ ದಿನಕ್ಕೆ ಎರಡೂವರೆ ಸಾವಿರ ನಷ್ಟವಾಗುತ್ತಿತ್ತು! 30 ಸಾವಿರಕ್ಕಿಂತ ಕೆಳಗೆ ನೀವು ಆ ಕೆಲಸ ಒಪ್ಪುವ ಹಾಗೇ ಇಲ್ಲ.

ಹಾಗಾದರೆ ಆ ಸ್ಟುಡಿಯೋದವರು 15ಕ್ಕೆ ಹೇಗೆ ಮಾಡುತ್ತಾರೆ? ಅವರ ಮನೆ ಮದುವೆಯೊಂದರಿಂದಲೇ ನಡೆಯುವುದಿಲ್ಲ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಫ್ರೇಮು, ಶಾಲೆಯ ಗ್ರೂಪ್ ಫೋಟೋ ಅಂತ ದಿನವೂ ಗಲ್ಲಾಕ್ಕೆ ಕಾಸು ಬೀಳುತ್ತದೆ. ಒಂದೇ ಮುಹೂರ್ತಕ್ಕೆ ಮೂರು ಕಡೆ ಹುಡುಗರನ್ನು ಕಳಿಸುತ್ತಾರೆ. ಅವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅವರ ವ್ಯಾಪಾರವೇ ಬೇರೆ. ಅವರ ರೇಟನ್ನು ನೋಡಿ ನಿಮ್ಮದನ್ನು ಇಳಿಸಿದರೆ, ಅವರ ಗಲ್ಲಾ ಮಾತ್ರ ನಿಮಗೆ ಸಿಗುವುದಿಲ್ಲ, ಅಲ್ವಾ?

ಪಾರ್ಟಿಯವರು ಕಡಿಮೆ ಮಾಡಿ ಅಂದಾಗ ಕೆಲಸ ಕಡಿಮೆ ಮಾಡಿ, ಸುಮ್ನೆ ರೇಟು ಇಳಿಸಬೇಡಿ. ಆಲ್ಬಂ ಬೇಡವಾದರೆ 8 ಸಾವಿರ ಬಿಡಿ. ರಿಸೆಪ್ಶನ್ ಬಿಟ್ಟು ಧಾರೆ ಮಾತ್ರ ಸಾಕು ಅಂದರೆ ಒಂದು ದಿನದ ದರ ಬಿಡಿ. ಏನೂ ಬಿಡದೆ 5 ಸಾವಿರ ಇಳಿಸಿದರೆ, ಮೊದಲು ಹೇಳಿದ್ದೇ ಸುಳ್ಳು ರೇಟು ಅಂದುಕೊಳ್ಳುತ್ತಾರೆ. ಮುಂದಿನ ಪಾರ್ಟಿಗೂ ಹಾಗೇ ಹೇಳಿ ಕಳಿಸುತ್ತಾರೆ.

ನೆಂಟರ ವಿಷಯಕ್ಕೆ ನನ್ನದು ಖಡಕ್ ಅಭಿಪ್ರಾಯ. ಅರ್ಧ ರೇಟು ಬೇಡವೇ ಬೇಡ. ಅಕ್ಕನ ಮಗಳ ಮದುವೆಯಾದರೆ "ಇದು ನನ್ನ ಮುಯ್ಯಿ" ಅಂತ ಹೇಳಿ ಪೂರ್ತಿ ಮಾಡಿಕೊಡಿ, ಆಲ್ಬಂ ಖರ್ಚು ಮಾತ್ರ ಅವರು ಕೊಡಲಿ. ಅಷ್ಟು ಹತ್ತಿರದವರಲ್ಲದಿದ್ದರೆ ಪೂರ್ತಿ ದರ ತೆಗೆದುಕೊಳ್ಳಿ. ಅರ್ಧ ರೇಟಿನಲ್ಲಿ ಕೊಟ್ಟವರಿಗೆ ದುಡ್ಡು ಕೊಟ್ಟೆವು ಅನ್ನುವ ಜೋರು, ನಿಮಗೆ ಪುಕ್ಕಟೆ ದುಡಿದೆ ಅನ್ನುವ ಬೇಸರ. ಊಟದ ಮನೆಯಲ್ಲಿ ಮುಖ ಕೊಟ್ಟು ಮಾತಾಡಲೂ ಆಗುವುದಿಲ್ಲ.

ಹೋಂಸ್ಟೇ ವಿಷಯ ಇದಕ್ಕಿಂತ ದೊಡ್ಡದು. ಮದುವೆ ಫೋಟೋ ಆ ಮನೆಯ ಬೀರುವಿನಲ್ಲಿ ಇರುತ್ತದೆ. ಹೋಂಸ್ಟೇ ಫೋಟೋ ದಿನವೂ ಗಿರಾಕಿಗಳನ್ನು ಕರೆದು ತರುತ್ತದೆ. ಅದಕ್ಕೇ ಇಂಥ ಕೆಲಸದಲ್ಲಿ ದಿನದ ಕೂಲಿ ಒಂದು ಭಾಗ, ಚಿತ್ರ ಎಲ್ಲಿ, ಎಷ್ಟು ದಿನ ಬಳಕೆಯಾಗುತ್ತದೆ ಅನ್ನುವುದು ಇನ್ನೊಂದು ಭಾಗ. ನಮ್ಮ ಪತ್ರಿಕೆಯಲ್ಲೂ ಒಬ್ಬರೇ ತೆಗೆದ ಫೋಟೋ ಒಳಪುಟಕ್ಕೆ ಹೋದರೆ ಒಂದು ದರ, ಮುಖಪುಟಕ್ಕೆ ಹೋದರೆ ಬೇರೆ ದರ. ತೆಗೆದ ಶ್ರಮ ಎರಡಕ್ಕೂ ಒಂದೇ.

ಕಾನೂನು ಇಲ್ಲಿ ನಿಮ್ಮ ಪರ ಇಲ್ಲ ಅಂತ ಹೇಳಲು ಬೇಸರವಾಗುತ್ತದೆ, ಆದರೂ ನೀವು ತಿಳಿದಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕುಸ್ವಾಮ್ಯಕ್ಕೆ ಮೊದಲ ಮಾಲೀಕರು ತೆಗೆಸಿದವರೇ. ಬೇರೆ ಒಪ್ಪಂದ ಇದ್ದರೆ ಮಾತ್ರ ಫೋಟೋಗ್ರಾಫರಿಗೆ ಆ ಹಕ್ಕು ಉಳಿಯುತ್ತದೆ. 'ವೆಬ್‌ಸೈಟಿಗೆ' ಅನ್ನುವುದು ನಿಮ್ಮಿಬ್ಬರ ಬಾಯಿಮಾತಿನಲ್ಲೇ ಇತ್ತು. ಹಾಗಾಗಿ ಹೋರ್ಡಿಂಗ್ ಇಳಿಸಿ ಅಂತ ಜಗಳಕ್ಕೆ ಹೋದರೆ ಗೆಲ್ಲುವುದು ಕಷ್ಟ. ಅದೇ ಕಾಯ್ದೆಯ 57ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಮಾಲೀಕತ್ವ ಯಾರಿಗೇ ಹೋಗಲಿ, ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ತೆಗೆದವರ ಬಳಿ ಉಳಿಯುತ್ತದೆ. ಅದನ್ನು ಬಿಡಬೇಡಿ.

ಮುಂದಿನ ಸಲ ಶೂಟಿಗೆ ಹೋಗುವ ಮುಂಚೆ ಕೊಟೇಶನ್ನಿನಲ್ಲೇ ಹೀಗೆ ಬರೆದು ಅವರ ಸಹಿ ಹಾಕಿಸಿ: "ಕೋಣೆ ಮತ್ತು ತೋಟದ 30 ಚಿತ್ರಗಳು. ವೆಬ್‌ಸೈಟ್, ಇನ್‌ಸ್ಟಾಗ್ರಾಂ, ಬುಕಿಂಗ್ ಆ್ಯಪ್‌ಗಳಲ್ಲಿ 2 ವರ್ಷ ಬಳಸಬಹುದು. ಹೋರ್ಡಿಂಗ್, ಪತ್ರಿಕೆ ಜಾಹೀರಾತಿಗೆ ಬೇರೆ ದರ. ಹಕ್ಕುಸ್ವಾಮ್ಯ ಫೋಟೋಗ್ರಾಫರಿನದು. ನನ್ನ ಕೆಲಸದ ಮಾದರಿಯಾಗಿ ಈ ಚಿತ್ರಗಳನ್ನು ತೋರಿಸಬಹುದು." ಐದೇ ಸಾಲು. ಕಾಫಿ ಹೂ ಬಿಟ್ಟಾಗಲೇ ಬನ್ನಿ ಅನ್ನುವವರೂ ಸಿಗುತ್ತಾರೆ. ಆ ಹೂವು ಮಳೆ ಬಿದ್ದ ಮೇಲೆ ಅರಳಿ ಕೆಲವೇ ದಿನ ಇರುತ್ತದೆ, ಆ ಮಳೆ ಯಾವಾಗ ಬೀಳುತ್ತದೋ ಗೊತ್ತಿಲ್ಲ. ಅವರಿಗಾಗಿ ಬೇರೆ ಕೆಲಸ ಬಿಟ್ಟು ಕಾಯುವ ದಿನಕ್ಕೂ ಒಂದು ದರ ಬರೆಯಿರಿ.

ಜಿಎಸ್‌ಟಿ ಚಿಂತೆ ಈಗ ಬೇಡ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪಾನ್ ಇದ್ದರೆ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಿಗೆ ಕೊಡಬೇಕಾದ ಹಣವನ್ನು ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ 'ಬ್ಯಾಂಕ್ ದರ'ದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಮುಂದಿನ ಕೆಲಸ ಒಪ್ಪಿಕೊಳ್ಳುವ ಮೊದಲೇ ಇದನ್ನು ಮುಗಿಸಿ, ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆ ಇರಲಿ.

ಈಗ ಆ ಹೋಂಸ್ಟೇಯವರಿಗೆ ಏನು ಮಾಡಬೇಕು? ಮೊದಲು 3 ಸಾವಿರಕ್ಕೆ ತಾರೀಖು ಹಾಕಿದ ಬಿಲ್ ಕಳಿಸಿ. ಜೊತೆಗೆ ಒಂದು ಮೆಸೇಜ್: "ನನ್ನ ಫೋಟೋ ಹೋರ್ಡಿಂಗಿನಲ್ಲಿ ನೋಡಿ ಖುಷಿಯಾಯಿತು. ನಾವು ವೆಬ್‌ಸೈಟಿಗೆ ಅಂತ ಮಾತಾಡಿದ್ದೆವು. ಹೋರ್ಡಿಂಗಿಗೆ ಇಷ್ಟು ಕೊಡಿ, ನನ್ನ ಹೆಸರನ್ನೂ ಹಾಕಿ." ಮೊತ್ತ ಬರೆಯುವಾಗ ನಿಮ್ಮ ಒಂದು ದಿನದ ದರಕ್ಕಿಂತ ಕಡಿಮೆ ಬರೆಯಬೇಡಿ. ಅವರು ಕೊಟ್ಟರೂ ಕೊಡಬಹುದು. ಅವರಿಗೆ ಮಳೆಗಾಲದ ಫೋಟೋ ಆಯಿತು, ಹೂವಿನ ಕಾಲದ್ದು ಇನ್ನೂ ಬೇಕಾಗುತ್ತದೆ.

— ಸಂ.