ಅಂತರಗಂಗೆಯ ಬುಡದ ಲಂಟಾನ ಮತ್ತು ಕಾಲುದಾರಿಯ ಕುರಿತು
ಮಾನ್ಯರೇ, ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ ಲಂಟಾನ ಎಂಬ ಹಬ್ಬುವ ಕಳೆಪೊದೆಯನ್ನು ಸವರಿ, ಹೊಂಗೆ ಸಸಿ ನೆಟ್ಟು, ವಾಯುವಿಹಾರಕ್ಕೆ ಕಾಂಕ್ರೀಟ್ ಹಾದಿ ಮಾಡಬಹುದೇ ಎಂದು ಕೇಳಿದ್ದೀರಿ. ಜಾಗ ಅರಣ್ಯ ಇಲಾಖೆಯದಾದರೆ ಮೊದಲು ಇಲಾಖೆಯ ಲಿಖಿತ ಅನುಮತಿ ಪಡೆಯಿರಿ.

ಲಂಟಾನವನ್ನು ಮೇಲಷ್ಟೇ ಸವರಿದರೆ ಅದು ಬುಡದಿಂದ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಆದ್ದರಿಂದ ಹಣ್ಣು ಕಟ್ಟುವ ಮೊದಲೇ, ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ತಾಯಿಬೇರನ್ನು ಕಡಿದು, ಬೇರು ಮೇಲಾಗುವಂತೆ ಪೊದೆಯನ್ನು ಮಗುಚಿ ಒಣಗಿಸಿ, ಬೇಸಿಗೆಯ ಬೆಂಕಿಗೆ ಆಹಾರವಾಗದಂತೆ ಸಾಗಿಸಬೇಕು. ಬೀಜ ಹರಡುವವು ಹಕ್ಕಿಗಳಾದ್ದರಿಂದ, ಅವು ಕೂರುವ ಮರಗಳ ಕೆಳಗೆ ಮುಂದಿನ ಕೆಲವು ಮಳೆಗಾಲಗಳಲ್ಲಿಯೂ ಎಳೆಯ ಲಂಟಾನ ಕೀಳುತ್ತಿರಬೇಕಾಗುತ್ತದೆ. ಹೆಚ್ಚಿನ ಪ್ರಯತ್ನಗಳು ಸೋಲುವುದು ಈ ಹಂತದಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಸಸಿ ನೆಡುವ ಆತುರ ಬೇಡ (ಫೋಟೊಗೆ ಅದೇ ಚೆಂದ ಎಂಬುದು ನಿಜ). ಕಕ್ಕೆ, ಮುತ್ತುಗದಂಥ ಕುರುಚಲು ಕಾಡಿನ ಮರಗಳ ಹಳೆಯ ಬುಡಗಳು ಉಳಿದಿದ್ದರೆ, ಬೆಳಕು ಸಿಕ್ಕೊಡನೆ ತಾವೇ ಚಿಗುರುತ್ತವೆ. ಬಂಡೆಗಳ ನಡುವಿನ ಸಹಜ ಹುಲ್ಲಿನ ಜಾಗದಲ್ಲಂತೂ ಗುಂಡಿ ತೋಡಲೇಬಾರದು.

ಕಾಂಕ್ರೀಟ್ ಅನಗತ್ಯ. ಇಳಿಜಾರಿಗೆ ಅಡ್ಡಲಾಗಿ ಸಾಗುವ, ಮಳೆನೀರು ಹಾದಿಯುದ್ದಕ್ಕೂ ಹರಿಯದೆ ಪಕ್ಕಕ್ಕೆ ಇಳಿಯುವಂತೆ ತುಸು ಓರೆಯಾಗಿಸಿದ ಮಣ್ಣಿನ ಕಾಲುದಾರಿ ಸಾಕು. ಹಿರಿಯರಿಗಾಗಿ ಕಡಿದಾದ ಕಡೆ ಸ್ಥಳೀಯ ಕಲ್ಲಿನ ಮೆಟ್ಟಿಲುಗಳನ್ನು ಜೋಡಿಸಬಹುದು.