ಲೆನಿನ್‌ಗ್ರಾಡ್‌ನ ಬೀಜಗಳ ಕಥೆ ದೊಡ್ಡ ತೆರೆಗೆ ಬರಲಿ

ಸೈನಿಕರ ಬದಲು ಸಾಮಾನ್ಯರೇ ನಾಯಕರಾಗಿರುವ ಯಾವ ಯುದ್ಧದ ಘಟನೆ ಸಿನಿಮಾ ಆಗಬೇಕು ಅಂತ ಕೇಳಿದ್ದೀರಿ. ನನ್ನ ಆಯ್ಕೆ ರಷ್ಯಾದ ಲೆನಿನ್‌ಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಬೀಜ ಸಂಗ್ರಹದ ಕಥೆ.

1941ರಲ್ಲಿ ಜರ್ಮನ್ ಸೇನೆ ಆ ಊರಿಗೆ ಮುತ್ತಿಗೆ ಹಾಕಿತು. ಜನ ಬೆಲ್ಟಿನ ಚರ್ಮವನ್ನೂ ಬೇಯಿಸಿ ತಿಂದರು. ಬೀಜ ಸಂಗ್ರಹವಿದ್ದ ಸಸ್ಯ ಸಂಶೋಧನಾ ಸಂಸ್ಥೆಯೊಳಗೆ ಅಕ್ಕಿ, ಗೋಧಿ, ಕಡಲೆಕಾಯಿ ಟನ್‌ಗಟ್ಟಲೆ ಇತ್ತು. ಕಾವಲಿದ್ದ ವಿಜ್ಞಾನಿಗಳು ಅದಕ್ಕೆ ಕೈ ಹಾಕಲಿಲ್ಲ. ನಾಳೆ ಬಿತ್ತೋಕೆ ಬೀಜ ಬೇಕಲ್ವಾ? ಭತ್ತದ ತಜ್ಞ ದಿಮಿತ್ರಿ ಇವಾನೋವ್ ಹಸಿವಿನಿಂದ ಸತ್ತಾಗ ಸುತ್ತಲೂ ಸಾವಿರಾರು ಅಕ್ಕಿ ಪೊಟ್ಟಣಗಳಿದ್ದವು!

ಈ ಸಂಗ್ರಹ ಕಟ್ಟಿದ ನಿಕೊಲಾಯ್ ವಾವಿಲೋವ್ ಅವರನ್ನು ಸ್ಟಾಲಿನ್ ಸರ್ಕಾರ 1940ರಲ್ಲೇ ಬಂಧಿಸಿತ್ತು. 1943ರಲ್ಲಿ ಸರಾತೋವ್ ಜೈಲಿನಲ್ಲಿ, ಹೊಟ್ಟೆಗಿಲ್ಲದೆ ಸೊರಗಿ ಅವರೂ ತೀರಿಕೊಂಡರು. ಎರಡೂ ಕಥೆ ಒಟ್ಟಿಗೇ ಸಾಗಬೇಕು. ಮುತ್ತಿಗೆಯ 872 ದಿನವನ್ನೂ ಸುಮ್ನೆ ಎಳೆಯೋದು ಬೇಡ, ಮೊದಲ ಚಳಿಗಾಲ ಒಂದೇ ಸಾಕು.